ಪೋಲಿಷ್ ಹಬ್ಬಕ್ಕೆ ಅತ್ತೆ-ಮಾವನನ್ನೂ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿದ್ದೇವೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಪೋಲೆಂಡ್ ಮೂಲದವರು. ಲೇಬರ್ ಡೇ ವಾರಾಂತ್ಯದ ‘ಟೇಸ್ಟ್ ಆಫ್ ಪೊಲೋನಿಯಾ’ ಹಬ್ಬಕ್ಕೆ ಮನೆಮಂದಿಯೆಲ್ಲ ಬನ್ನಿ, ಸಂಜೆ ನಮ್ಮ ಮನೆಗೂ ಬಂದು ಹೋಗಿ ಎಂದು ಕರೆದಿದ್ದಾರೆ. ಮಕ್ಕಳಿಗೆ 6 ಮತ್ತು 11 ವರ್ಷ. ಶಿವಮೊಗ್ಗದಿಂದ ಅತ್ತೆ-ಮಾವ ಬಂದಿದ್ದಾರೆ, ಇಬ್ಬರೂ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮಾವ ಕೆಇಬಿಯಲ್ಲಿದ್ದು ನಿವೃತ್ತರಾದವರು. ಅಲ್ಲಿ ಬರೀ ಮಾಂಸ, ಬಿಯರ್ ಅಂತಾರೆ, ನಿಜವಾ? ನಾವು ಏನು ತಿನ್ನಬಹುದು? ಭಾಷೆ ಬರದವರಿಗೆ ಬೇಜಾರಾಗುತ್ತದಾ? ಅವರ ಮನೆಗೆ ಹೋಗುವಾಗ ಏನು ತೆಗೆದುಕೊಂಡು ಹೋಗಬೇಕು?

ಉತ್ತರ: ಮಾಂಸ, ಬಿಯರ್ ಎರಡೂ ಇರುತ್ತವೆ. ಧಾರಾಳವಾಗಿಯೇ ಇರುತ್ತವೆ. ಅದನ್ನು ಮುಚ್ಚಿಟ್ಟು ನಿಮ್ಮನ್ನು ಕಳಿಸಿದರೆ ನಾಳೆ ನಿಮ್ಮತ್ತೆಯವರ ಎದುರು ನಾನೇ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಆದರೂ ಕರೆದುಕೊಂಡು ಹೋಗಿ ಅಂತಲೇ ಹೇಳುತ್ತೇನೆ. ಒಂದೇ ಮಾತು, ಇದನ್ನು ಊಟದ ದಿನ ಅಂದುಕೊಳ್ಳಬೇಡಿ. ಹೆಸರಲ್ಲಿ ‘ಟೇಸ್ಟ್’ ಇದೆಯಲ್ಲ ಎಂದು ಖಾಲಿ ಹೊಟ್ಟೆಯಲ್ಲಿ ಹೋದ ಸಸ್ಯಾಹಾರಿಗಳೇ ಸಂಜೆ ಮುಖ ಊದಿಸಿಕೊಂಡು ವಾಪಸ್ ಬರುವುದು. ಬೆಳಿಗ್ಗೆ ಮನೆಯಲ್ಲೇ ಅಕ್ಕಿರೊಟ್ಟಿಯೋ ಉಪ್ಪಿಟ್ಟೋ ಹೊಟ್ಟೆ ತುಂಬ ತಿಂದು ಹೊರಡಿ. ಬುತ್ತಿ ಕಟ್ಟಿಕೊಂಡು ಹೋದರೆ ಗೇಟಿನಲ್ಲಿ ಒಳಗೆ ಬಿಡುತ್ತಾರೆ ಅಂತ ನಂಬಿಕೊಳ್ಳಬೇಡಿ. ಅಲ್ಲಿ ನೋಡುವುದು, ಕೇಳುವುದು ಜಾಸ್ತಿ ಇದೆ. ತಿನ್ನುವುದು ಸ್ವಲ್ಪ ರುಚಿ ನೋಡುವಷ್ಟು ಇರಲಿ.

ನಾನು ಕೆಲವು ವರ್ಷ ಪೋಲೆಂಡಿನ ಕ್ರಾಕುವ್ ಊರಲ್ಲಿ ಇದ್ದವನು. ಮೊದಲ ವಾರವೇ ಒಂದು ಸಂತೆಯಲ್ಲಿ ಎಡವಿದೆ. ಒಂದು ಅಂಗಡಿಯಲ್ಲಿ ದಪ್ಪ ರೈ ಬ್ರೆಡ್ಡಿನ ಮೇಲೆ ಬೆಳ್ಳಗೆ, ಮೆತ್ತಗೆ ಏನೋ ಸವರಿ, ಪಕ್ಕದಲ್ಲಿ ಸೌತೆಕಾಯಿ ಉಪ್ಪಿನಕಾಯಿ ಇಟ್ಟು ಕೊಟ್ಟರು. ಬೆಣ್ಣೆ ಅಂದುಕೊಂಡು ಎರಡು ತುಂಡು ಮುಗಿಸಿದೆ. ಮೂರನೆಯದಕ್ಕೆ ಕೈ ಚಾಚಿದಾಗ ಜೊತೆಗಿದ್ದ ಗೆಳೆಯ ನಗುತ್ತಾ ಹೇಳಿದ, ಅದು ಹಂದಿಯ ಕೊಬ್ಬು. ಅದರ ಹೆಸರು ಸ್ಮಾಲೆತ್ಸ್. ಪೋಲರ ಜಾತ್ರೆಗಳಲ್ಲಿ ಅದು ಎಲ್ಲ ಕಡೆ ಸಿಗುತ್ತದೆ, ನೋಡಲು ಥೇಟ್ ಬೆಣ್ಣೆ. ಆದ್ದರಿಂದ ನಿಮಗೆ ಮೊದಲ ಪಾಠ ಇದು: ಬ್ರೆಡ್ಡಿನ ಮೇಲೆ ಬೆಳ್ಳಗೆ ಏನಿದ್ದರೂ ಕೇಳದೆ ಬಾಯಿಗೆ ಇಡಬೇಡಿ.

ಇನ್ನು ಪ್ಯೆರೋಗಿ. ನಿಮ್ಮ ಸಹೋದ್ಯೋಗಿ ಮೊದಲು ತಿನ್ನಿಸುವುದು ಇದನ್ನೇ. ಆಕಾರದಲ್ಲಿ ನಮ್ಮ ಕರ್ಜಿಕಾಯಿ, ಬೇಯಿಸುವ ರೀತಿಯಲ್ಲಿ ಕಡುಬಿನ ತಂಗಿ. ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಹೂರಣ ಇಟ್ಟು, ಅರ್ಧಚಂದ್ರ ಮಡಿಸಿ, ಅಂಚು ಒತ್ತಿ ಕುದಿಯುವ ನೀರಿಗೆ ಬಿಡುತ್ತಾರೆ. ತೇಲಿ ಬಂದರೆ ಬೆಂದಿದೆ ಅಂತ ಲೆಕ್ಕ. ಕೆಲವರು ಆಮೇಲೆ ಬಾಣಲೆಯಲ್ಲಿ ಕೆಂಪಗೆ ಮಾಡಿಕೊಡುತ್ತಾರೆ. ಹೂರಣದಲ್ಲಿ ಹಲವು ಬಗೆ. ಆಲೂಗಡ್ಡೆ, ಈರುಳ್ಳಿ ಮತ್ತು ತ್ವಾರೂಗ್ ಎಂಬ ಪನೀರಿನಂಥ ಚೀಸ್ ಹಾಕಿದ್ದಕ್ಕೆ ‘ರೂಸ್ಕ್ಯೆ’ ಎನ್ನುತ್ತಾರೆ. ರಷ್ಯನ್ ಅಂತ ಅರ್ಥ ಮಾಡಿಕೊಳ್ಳಬೇಡಿ. ಈಗಿನ ಪಶ್ಚಿಮ ಉಕ್ರೇನಿನ ಕಡೆಯ ರುಥೇನಿಯಾ ಎಂಬ ನಾಡಿನ ಹೆಸರು ಅದು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಪೋಲೆಂಡಿನ ಎಷ್ಟೋ ಹೋಟೆಲುಗಳು ಈ ಹೆಸರೇ ಬೇಡ ಎಂದು ‘ಉಕ್ರೇನಿನ ಪ್ಯೆರೋಗಿ’ ಅಂತ ಬೋರ್ಡು ಬದಲಿಸಿದವು. ಎಲೆಕೋಸು-ಅಣಬೆಯದು ಇನ್ನೊಂದು ಬಗೆ. ಸಿಹಿ ಚೀಸ್, ಸ್ಟ್ರಾಬೆರಿ, ಬ್ಲೂಬೆರಿಯ ಸಿಹಿ ಪ್ಯೆರೋಗಿಯೂ ಇರುತ್ತದೆ, ನಿಮ್ಮ ಮಕ್ಕಳಿಗೆ ಅದೇ ಇಷ್ಟವಾಗುತ್ತದೆ ಎಂದು ನನ್ನ ಅಂದಾಜು. ಮಾಂಸದ ಹೂರಣದ್ದು ಇದ್ದೇ ಇರುತ್ತದೆ.

ಆದರೆ ಇಲ್ಲೊಂದು ಕಣ್ಣಿ ಇದೆ. ಒಳಗಿನ ಹೂರಣ ಶುದ್ಧ ಸಸ್ಯಾಹಾರ ಆಗಿದ್ದರೂ ತಟ್ಟೆಗೆ ಹಾಕಿದ ಮೇಲೆ ಸ್ಕ್ವಾರ್ಕಿ ಉದುರಿಸುತ್ತಾರೆ. ಅಂದರೆ ಹುರಿದ ಹಂದಿ ಕೊಬ್ಬಿನ ಸಣ್ಣ ಚೂರುಗಳು. ನಾವು ಚಿತ್ರಾನ್ನಕ್ಕೆ ಒಗ್ಗರಣೆ ಹಾಕುವಷ್ಟೇ ಸಹಜವಾಗಿ ಹಾಕಿಬಿಡುತ್ತಾರೆ, ಕೇಳುವುದೂ ಇಲ್ಲ. ಆರ್ಡರ್ ಕೊಡುವಾಗಲೇ ‘ಬೆಜ್ ಸ್ಕ್ವಾರ್ಕುವ್’ ಅನ್ನಿ, ಆ ಚೂರು ಬೇಡ ಅಂತ. ಮಾಂಸ ಬೇಡ ಅನ್ನಲು ‘ಬೆಜ್ ಮೆಂಸ’. ಮೊಟ್ಟೆ ಬೇಡ ಅನ್ನಲು ‘ಬೆಜ್ ಯಾಯೆಕ್’. ‘ಬೆಜ್’ ಅಂದರೆ ಇಲ್ಲದೆ. ನಮ್ಮ ‘ವೆಜ್’ ಜೊತೆ ಪ್ರಾಸ ಆಗುವುದರಿಂದ ನಿಮ್ಮ ಮಾವನವರಿಗೂ ನೆನಪಿರುತ್ತದೆ.

ಸುಮ್ನೆ ‘ನಾನು ವೆಜಿಟೇರಿಯನ್’ ಅಂದರೆ ಸಾಲದು. ಹಳೆಯ ತಲೆಮಾರಿನ ಪೋಲರಿಗೆ ಇನ್ನೊಂದು ಪದ ಚೆನ್ನಾಗಿ ಗೊತ್ತು, ‘ಪೋಸ್ತ್ನೆ’. ಉಪವಾಸದ ದಿನದ್ದು ಎಂದರ್ಥ. ಅವರು ಹೆಚ್ಚಾಗಿ ಕ್ಯಾಥೋಲಿಕರು, ಶುಕ್ರವಾರ ಮಾಂಸ ಬಿಡುವ ಪದ್ಧತಿ ಇದೆ. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟದಲ್ಲೂ ಮಾಂಸ ಇಲ್ಲ. ಆ ರಾತ್ರಿ ಹನ್ನೆರಡು ಬಗೆ ಅಡುಗೆ ಮಾಡುತ್ತಾರೆ. ಮೇಜಿನ ಬಟ್ಟೆಯ ಕೆಳಗೆ ಒಂದಿಷ್ಟು ಒಣಹುಲ್ಲು ಹರಡುತ್ತಾರೆ. ಯಾರಾದರೂ ಹೇಳದೆ ಬಂದರೆ ಇರಲಿ ಎಂದು ಒಂದು ತಟ್ಟೆ ಹೆಚ್ಚಿಗೆ ಇಡುತ್ತಾರೆ. ಎಲೆಕೋಸು-ಅಣಬೆ ಪ್ಯೆರೋಗಿ ಹುಟ್ಟಿದ್ದು ಇಂಥ ಅಡುಗೆಮನೆಯಲ್ಲೇ. ಆದರೆ ಅವರ ಉಪವಾಸದಲ್ಲಿ ಮೀನು ನಡೆಯುತ್ತದೆ, ಮೊಟ್ಟೆಯೂ ನಡೆಯಬಹುದು. ಹಾಗಾಗಿ ಈ ಪದ ಹೇಳಿದ ಮೇಲೂ ಮೀನು, ಮೊಟ್ಟೆ ಬೇಡ ಎಂದು ಸೇರಿಸಿ.

ಅತ್ತೆ-ಮಾವನ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. ಪ್ಯೆರೋಗಿಯ ಹಿಟ್ಟಿಗೆ ಕೆಲವರು ಬರೀ ಬಿಸಿನೀರು, ಎಣ್ಣೆ ಹಾಕಿ ನಾದುತ್ತಾರೆ, ಕೆಲವರು ಮೊಟ್ಟೆ ಒಡೆದು ಹಾಕುತ್ತಾರೆ. ಅಂಗಡಿಯವರು ಖಚಿತವಾಗಿ ಹೇಳದಿದ್ದರೆ ಬಿಟ್ಟುಬಿಡಿ. ಪ್ಲಾತ್ಸ್ಕಿ ಎಂಬ ಆಲೂಗಡ್ಡೆ ದೋಸೆ ಘಮ್ಮೆನ್ನುತ್ತದೆ, ಅದರಲ್ಲಿ ಮೊಟ್ಟೆ ಇರುವುದೇ ರೂಢಿ. ಪೊಂಚ್ಕಿ ಎಂಬ ಗುಲಾಬಿ ಜಾಮ್ ತುಂಬಿದ ಕರಿದ ಬನ್ನೂ ಅಷ್ಟೇ. ಮೊಟ್ಟೆ ಇರುತ್ತದೆ, ಸಂಪ್ರದಾಯದವರು ಹಂದಿ ಕೊಬ್ಬಿನಲ್ಲೇ ಕರಿಯುತ್ತಾರೆ. ಝೂರೆಕ್ ಎಂಬ ಹುಳಿ ಸೂಪು, ಬಿಗೋಸ್ ಎಂಬ ಎಲೆಕೋಸು-ಮಾಂಸದ ಅಡುಗೆ, ಗೊವೊಂಪ್ಕಿ, ಈ ಮೂರನ್ನೂ ದೂರದಿಂದ ನೋಡಿ ಮುಂದೆ ಹೋಗಿ. ಗೊವೊಂಪ್ಕಿ ಅನ್ನುವುದಕ್ಕೆ ‘ಪುಟ್ಟ ಪಾರಿವಾಳಗಳು’ ಎಂದರ್ಥ. ಪಾರಿವಾಳ ಇಲ್ಲ, ಎಲೆಕೋಸಿನ ಎಲೆಯಲ್ಲಿ ಅನ್ನ ಮತ್ತು ಕೊಚ್ಚಿದ ಮಾಂಸ ಸುತ್ತಿ ಬೇಯಿಸಿದ್ದು.

ಹಾಗಾದರೆ ಅವರಿಗೆ ಉಳಿದದ್ದು ಏನು? ಒಗುರ್ಕಿ ಕಿಶೋನೆ. ಸೌತೆಕಾಯಿಯನ್ನು ಉಪ್ಪುನೀರಲ್ಲಿ ಸಬ್ಬಸಿಗೆ, ಬೆಳ್ಳುಳ್ಳಿ ಜೊತೆ ಮುಳುಗಿಸಿ ಹುಳಿ ಬರಿಸಿದ್ದು. ಎಣ್ಣೆ ಇಲ್ಲ, ವಿನೆಗರ್ ಇಲ್ಲ, ಖಾರ ಇಲ್ಲ. ಹೆಸರಿಗೆ ತಕ್ಕ ಉಪ್ಪಿನ ಕಾಯಿ ಅಂದರೆ ಅದೇ. ಅಪ್ಪೆಮಿಡಿ ತಿಂದ ಶಿವಮೊಗ್ಗದ ನಾಲಿಗೆ ಅದಕ್ಕೆ ಎಷ್ಟು ಅಂಕ ಕೊಡುತ್ತದೋ ನೋಡಿ! ಜೊತೆಗೆ ಏನೂ ಸವರದ ರೈ ಬ್ರೆಡ್ಡು, ನಿಂಬೆ ಪಾನಕ. ಇಷ್ಟೇ. ಅದಕ್ಕೇ ಅಕ್ಕಿರೊಟ್ಟಿ ಅಂದದ್ದು. ನೀವು ಮೊಟ್ಟೆ ತಿನ್ನುವವರಾದರೆ ಮಾಕೋವ್ಯೆತ್ಸ್ ಬಿಡಬೇಡಿ. ನಾವು ಪಾಯಸಕ್ಕೆ ಚಿಟಿಕೆ ಲೆಕ್ಕದಲ್ಲಿ ಹಾಕುವ ಗಸಗಸೆಯನ್ನು ಅವರು ಬೊಗಸೆಗಟ್ಟಲೆ ಅರೆದು ಕೇಕಿನ ಒಳಗೆ ಸುರುಳಿ ಸುತ್ತುತ್ತಾರೆ.

ಊಟದ ಕಥೆ ಸಾಕು. ಈಗ ನೀವು ನಿಜಕ್ಕೂ ಹೋಗಬೇಕಾದ ಕಾರಣಕ್ಕೆ ಬರುತ್ತೇನೆ.

ಹಬ್ಬ ನಡೆಯುವುದು ಜೆಫರ್ಸನ್ ಪಾರ್ಕ್ ಬಡಾವಣೆಯ ಕೋಪರ್ನಿಕಸ್ ಸೆಂಟರ್ ಆವರಣದಲ್ಲಿ. 1930ರಲ್ಲಿ ಗೇಟ್‌ವೇ ಎಂಬ ಸಿನಿಮಾ ಮಂದಿರವಾಗಿ ಶುರುವಾದ ಕಟ್ಟಡ ಅದು. ಆಮೇಲೆ ಪೋಲಿಷ್ ಸಮುದಾಯ ಅದನ್ನು ಕೊಂಡು ಎದುರಿಗೆ ಒಂದು ಗೋಪುರ ಕಟ್ಟಿಸಿತು. ವಾರ್ಸಾದ ಅರಮನೆಯ ಗಡಿಯಾರ ಗೋಪುರದ ಮಾದರಿಯದು. ಆ ಅರಮನೆಯನ್ನು 1944ರಲ್ಲಿ ಜರ್ಮನ್ನರು ಸ್ಫೋಟಿಸಿ ನೆಲಸಮ ಮಾಡಿದ್ದರು. ವಾರ್ಸಾದಲ್ಲಿ ಅದನ್ನು ಮತ್ತೆ ಕಟ್ಟುವ ಕೆಲಸ 1971ರಲ್ಲಷ್ಟೇ ಶುರುವಾಯಿತು. ಗೋಪುರದ ಕೆಳಗೆ ಫೋಟೋ ತೆಗೆಸಿಕೊಳ್ಳುವಾಗ ಮಕ್ಕಳಿಗೆ ಇಷ್ಟು ಹೇಳಿ.

‘ಪೊಲೋನಿಯಾ’ ಅಂದರೆ ದೇಶ ಬಿಟ್ಟು ಹೊರಗೆ ನೆಲೆಸಿದ ಪೋಲರ ಇಡೀ ಬಳಗ. ವಾರ್ಸಾ ಬಿಟ್ಟರೆ ಶಿಕಾಗೋದಲ್ಲೇ ಪೋಲರು ಜಾಸ್ತಿ ಎಂಬ ಮಾತನ್ನು ನೀವು ಅಲ್ಲಿ ಹತ್ತು ಸಲ ಕೇಳುತ್ತೀರಿ. ಅದು ಯಾರನ್ನು ಪೋಲರು ಎಂದು ಎಣಿಸುತ್ತೀರಿ ಎನ್ನುವುದರ ಮೇಲೆ ನಿಂತ ಮಾತು. ವಾದಕ್ಕೆ ಇಳಿಯಬೇಡಿ, ತಲೆ ಆಡಿಸಿ. 1795ರಿಂದ 1918ರವರೆಗೆ, ಅಂದರೆ 123 ವರ್ಷ, ಪೋಲೆಂಡ್ ಎಂಬ ದೇಶವೇ ನಕ್ಷೆಯಲ್ಲಿ ಇರಲಿಲ್ಲ. ರಷ್ಯಾ, ಪ್ರಶ್ಯಾ, ಆಸ್ಟ್ರಿಯಾ ಹಂಚಿಕೊಂಡಿದ್ದವು. ಶಿಕಾಗೋದ ಕಸಾಯಿಖಾನೆ, ಉಕ್ಕಿನ ಕಾರ್ಖಾನೆಗಳಿಗೆ ಪೋಲರು ಸಾವಿರಗಟ್ಟಲೆ ಬಂದಿಳಿದದ್ದು ಆ ಕಾಲದಲ್ಲೇ. ಯಾವ ಊರಿನವರು ಎಂದು ಕೇಳಿದರೆ ಹೇಳಲು ಊರು ಇತ್ತು, ಯಾವ ದೇಶ ಎಂದರೆ ತೋರಿಸಲು ನಕ್ಷೆಯಲ್ಲಿ ಜಾಗ ಇರಲಿಲ್ಲ. ಮೇರಿ ಕ್ಯೂರಿ 1898ರಲ್ಲಿ ತಾವು ಕಂಡುಹಿಡಿದ ಧಾತುವಿಗೆ ಪೊಲೋನಿಯಂ ಎಂದು ಹೆಸರಿಟ್ಟದ್ದೂ ಅದೇ ಕಾಲದಲ್ಲಿ. ಅವರು ಹುಟ್ಟಿದ್ದು ವಾರ್ಸಾದಲ್ಲಿ. ನಿಮ್ಮ 11 ವರ್ಷದ ಮಗುವಿಗೆ ಪೀರಿಯಾಡಿಕ್ ಟೇಬಲ್ ಗೊತ್ತಿದ್ದರೆ ಈ ಕಥೆ ಚೆನ್ನಾಗಿ ನಾಟುತ್ತದೆ.

ವೇದಿಕೆಯ ಮೇಲೆ ಕುಣಿಯುವ ಮಕ್ಕಳನ್ನು ನೋಡುವಾಗ ಇದು ನೆನಪಿರಲಿ. ಅವರಿಗೆ ಐದು ರಾಷ್ಟ್ರೀಯ ನೃತ್ಯಗಳಿವೆ: ಪೊಲೊನೆಜ್, ಮಜೂರ್, ಕುಯಾವ್ಯಾಕ್, ಓಬೆರೆಕ್, ಕ್ರಾಕೋವ್ಯಾಕ್. ಹೆಸರು ಬಾಯಿಪಾಠ ಬೇಡ, ನೋಡಿಯೇ ಗುರುತು ಹಿಡಿಯಬಹುದು. ಜೋಡಿಗಳು ಸಾಲಾಗಿ ಗಂಭೀರವಾಗಿ ನಡೆದು ಬಂದರೆ ಪೊಲೊನೆಜ್. ಪೋಲೆಂಡಿನ ಹೈಸ್ಕೂಲು ಮಕ್ಕಳು ಕೊನೆಯ ಪರೀಕ್ಷೆಗೆ ನೂರು ದಿನ ಇದೆ ಎನ್ನುವಾಗ ಈ ನೃತ್ಯ ಮಾಡುತ್ತಾರೆ. 2023ರಲ್ಲಿ ಇದು ಯುನೆಸ್ಕೋ ಪಟ್ಟಿಗೂ ಸೇರಿತು. ಕುದುರೆ ಓಟದ ಹಾಗೆ ದಡದಡ ಬಂದರೆ ಕ್ರಾಕೋವ್ಯಾಕ್. ಗಂಡಸರ ಕೆಂಪು ಟೊಪ್ಪಿಗೆಗೆ ನವಿಲುಗರಿ ಸಿಕ್ಕಿಸಿರುತ್ತಾರೆ, ನಿಮ್ಮತ್ತೆಯವರಿಗೆ ಕೃಷ್ಣ ನೆನಪಾದರೆ ಆಶ್ಚರ್ಯವಿಲ್ಲ. ನೋಡುವವರಿಗೇ ತಲೆ ತಿರುಗುವಷ್ಟು ಗಿರ್ರನೆ ಸುತ್ತಿದರೆ ಅದು ಓಬೆರೆಕ್. ಕುಯಾವ್ಯಾಕ್ ನಿಧಾನ, ಸ್ವಲ್ಪ ತೂಕಡಿಸಿದಂತೆ. ಮಜೂರ್ ಬಗ್ಗೆ ನಿಮ್ಮ ಸಹೋದ್ಯೋಗಿಯನ್ನೇ ಕೇಳಿ, ಅವರಿಗೂ ಹೇಳಲು ಏನಾದರೂ ಇರಲಿ.

ಪೋಲ್ಕಾ? ಎಲ್ಲರೂ ಎಡವುವ ಜಾಗ ಇದು. ಹೆಸರು ಕೇಳಿದರೆ ಪೋಲೆಂಡಿನದೇ ಅನ್ನಿಸುತ್ತದೆ, ಆದರೆ ಹುಟ್ಟಿದ್ದು ಚೆಕ್ ನಾಡಿನಲ್ಲಿ. ಅಮೆರಿಕಕ್ಕೆ ಬಂದ ಪೋಲರು ಅದನ್ನು ಎಷ್ಟು ತಮ್ಮದಾಗಿಸಿಕೊಂಡರು ಅಂದರೆ ‘ಶಿಕಾಗೋ ಶೈಲಿಯ ಪೋಲ್ಕಾ’ ಎಂದೇ ಒಂದು ಬಗೆ ಬೆಳೆಯಿತು. ಪೋಲೆಂಡಿನಿಂದ ಈಚೆಗೆ ಬಂದವರು ಇದನ್ನು ಕೇಳಿ ಮುಖ ಮುಖ ನೋಡಿಕೊಳ್ಳುತ್ತಾರೆ. ಮೂರು ತಲೆಮಾರಿನಿಂದ ಇಲ್ಲಿರುವವರು ಕಣ್ಣೀರು ಹಾಕುತ್ತಾರೆ. ಅಜ್ಜಿಯನ್ನು ಅಲ್ಲಿಯವರು ‘ಬಾಬ್‌ಚ್ಯಾ’ ಅಂದರೆ ಇಲ್ಲಿಯ ಹಳಬರು ‘ಬೂಶಾ’ ಅನ್ನುತ್ತಾರೆ. ಅಮೆರಿಕದಲ್ಲಿ ಹುಟ್ಟಿದ ನಮ್ಮ ಮಕ್ಕಳ ಕನ್ನಡ ಕೇಳಿ ಊರಿನ ಅಜ್ಜಿ ನಗುವುದಿಲ್ಲವೇ, ಅದೇ ಕಥೆ.

ಉಡುಪು ನೋಡಲು ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ. ಜಮಖಾನದ ಹಾಗೆ ಬಣ್ಣಬಣ್ಣದ ಪಟ್ಟೆಯ ದಪ್ಪ ಉಣ್ಣೆ ಲಂಗ ಕಂಡರೆ ಅವರು ವೋವಿಚ್ ಸೀಮೆಯ ವೇಷದವರು. ಬಿಳಿ ಉಣ್ಣೆಯ ಬಿಗಿ ಪ್ಯಾಂಟು, ತೊಡೆಯ ಮೇಲೆ ಹೃದಯದಾಕಾರದ ಕಸೂತಿ, ಕೈಯಲ್ಲಿ ಉದ್ದ ಹಿಡಿಯ ಸಣ್ಣ ಕೊಡಲಿ ಇದ್ದರೆ ಅವರು ತಾತ್ರಾ ಬೆಟ್ಟದ ಕಡೆಯ ಗುರಾಲೆಗಳು. ಗಂಡಸರು ಮಂಡಿ ಮಡಚಿ ಕೂತು ಎದ್ದು, ಕೊಡಲಿ ಹಾರಿಸುತ್ತಾ ಕುಣಿಯುತ್ತಾರೆ. ನಿಮ್ಮ 6 ವರ್ಷದ ಮಗು ಆ ಹತ್ತು ನಿಮಿಷ ಐಪ್ಯಾಡ್ ಕೇಳುವುದಿಲ್ಲ ಎಂದು ಬರೆದು ಕೊಡುತ್ತೇನೆ. ಶಿಕಾಗೋದಲ್ಲಿ ಗುರಾಲೆಗಳು ಬಹಳ ಮಂದಿ ಇದ್ದಾರೆ, ಆರ್ಚರ್ ಅವೆನ್ಯೂ ಕಡೆ ಅವರದೇ ಸಂಘವೂ ಇದೆ.

ಮಳಿಗೆಗಳಲ್ಲಿ ವಿಚಿನಾಂಕಿ ಹುಡುಕಿ. ಕಾಗದ ಮಡಿಸಿ ಕತ್ತರಿಸುವ ಕಲೆ. ಹಿಂದಿನವರು ಕುರಿ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿಯಲ್ಲೇ ಈ ನಾಜೂಕು ಕೆಲಸ ಮಾಡುತ್ತಿದ್ದರು. ವೋವಿಚ್‌ನವರು ಬಣ್ಣದ ಮೇಲೆ ಬಣ್ಣ ಅಂಟಿಸುತ್ತಾರೆ. ಕುರ್ಪ್ಯೆ ಸೀಮೆಯವರು ಒಂದೇ ಬಣ್ಣದ ಕಾಗದದಲ್ಲಿ ಮರ, ಹಕ್ಕಿ ಬಿಡಿಸುತ್ತಾರೆ. ರಂಗೋಲಿ ಹಾಕುವ ಕೈಗೆ ಈ ಎರಡೂ ಬದಿ ಒಂದೇ ಥರ ಬರುವ ಚಿತ್ತಾರ ಬೇಗ ಅರ್ಥವಾಗುತ್ತದೆ. ಅತ್ತೆ ಮತ್ತು ಮಕ್ಕಳನ್ನು ಒಟ್ಟಿಗೆ ಅಲ್ಲಿ ಕೂರಿಸಲು ಆದರೆ ನಿಮಗೆ ಅರ್ಧ ಗಂಟೆ ಬಿಡುವು. ಆ ಬಿಡುವಿನಲ್ಲಿ ಅಂಬರ್ ಅಂಗಡಿಗೆ ನುಗ್ಗುವ ಮುಂಚೆ ಒಂದು ಮಾತು. ಬಾಲ್ಟಿಕ್ ಅಂಬರ್ ಸುಮಾರು 4 ಕೋಟಿ ವರ್ಷ ಹಳೆಯ ಮರದ ಅಂಟು. ತುಂಬ ಹಗುರ, ಗಾಢ ಉಪ್ಪುನೀರಲ್ಲಿ ತೇಲುತ್ತದೆ. ಪ್ಲಾಸ್ಟಿಕ್ ಹೆಚ್ಚಾಗಿ ಮುಳುಗುತ್ತದೆ. ಬೆಳ್ಳಿ ಕಟ್ಟಿಸಿದ ಒಡವೆಗೆ ಈ ಪರೀಕ್ಷೆ ನಡೆಯುವುದಿಲ್ಲ. ಗುಂಪಿನ ಗಡಿಬಿಡಿಯಲ್ಲಿ ದುಬಾರಿ ಒಡವೆ ಕೊಳ್ಳಬೇಡಿ ಅನ್ನುವುದೇ ನನ್ನ ಸಲಹೆ.

ಮಕ್ಕಳಿಗೆ ಇನ್ನೊಂದು ಆಟ. ಪೋಲರ ನಾಲಿಗೆ ತಿರುಚುವ ಮಾತು ಹೀಗಿದೆ: ‘ಸ್ತೂವ್ ಸ್ ಪೊವಿವಾಮಿವಾನಿಮಿ ನೊಗಾಮಿ’. ಕಾಲು ಮುರಿದ ಮೇಜು ಎಂದಷ್ಟೇ ಅರ್ಥ. ಸಹೋದ್ಯೋಗಿಯ ಮಕ್ಕಳಿಂದ ಇದನ್ನು ಕಲಿತು, ಬದಲಿಗೆ ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ’ ಕಲಿಸಲಿ. ತೀರ್ಪು ಹೇಳಲು ತರೀಕೆರೆ ಪಕ್ಕದ ಊರಿನ ತಾತ ಇದ್ದೇ ಇದ್ದಾರಲ್ಲ.

ಆ ತಾತನ ವಿಷಯ. ಕೆಇಬಿಯವರು ಅಂದಿರಿ. ಹಾಗಾದರೆ ಮಾರಿಸ್ ಫ್ರೀಡ್‌ಮನ್ ಹೆಸರು ಹೇಳಿ ನೋಡಿ. ವಾರ್ಸಾದ ಯಹೂದಿ ಎಂಜಿನಿಯರ್. 1930ರ ದಶಕದಲ್ಲಿ ಬೆಂಗಳೂರಿಗೆ ಬಂದು ಮೈಸೂರು ಸರ್ಕಾರದ ವಿದ್ಯುತ್ ಕಾರ್ಖಾನೆ ನಡೆಸಿದವರು. ಆಮೇಲೆ ಗಾಂಧೀಜಿ, ರಮಣ ಮಹರ್ಷಿಗಳ ಹತ್ತಿರದವರಾದರು. ಅವರ ಗೆಳತಿ ವಾಂದಾ ದಿನೋವ್‌ಸ್ಕಾ ಭಾರತದಲ್ಲೇ ಉಳಿದು ಉಮಾದೇವಿ ಎನಿಸಿಕೊಂಡರು. ಕೊನೆಗಾಲದಲ್ಲಿ ಟಿಬೆಟನ್ ನಿರಾಶ್ರಿತರ ನಡುವೆ ಕೆಲಸ ಮಾಡಿ, 1971ರಲ್ಲಿ ಮೈಸೂರಲ್ಲಿ ತೀರಿಕೊಂಡರು. ಬೆಳಗಾವಿಯಿಂದ ದೂರವೇನಲ್ಲದ ಕೊಲ್ಹಾಪುರದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲರು ನಿರಾಶ್ರಿತರಾಗಿ ಬದುಕಿದರು. ಸೋವಿಯತ್ ರಹಸ್ಯ ಪೊಲೀಸರು ಮನೆಗಳಿಂದ ಎಬ್ಬಿಸಿ ಸೈಬೀರಿಯಾ, ಕಜಕಸ್ತಾನಗಳಿಗೆ ಸಾಗಿಸಿದ್ದ ಹೆಂಗಸರು, ಮಕ್ಕಳೇ ಅವರಲ್ಲಿ ಹೆಚ್ಚು. ಅನಾಥ ಮಕ್ಕಳಿಗೆ ಗುಜರಾತಿನ ಜಾಮ್‌ನಗರದ ಮಹಾರಾಜ ಆಸರೆ ಕೊಟ್ಟಿದ್ದರು. ವಾರ್ಸಾದಲ್ಲಿ ಇವತ್ತಿಗೂ ‘ಒಳ್ಳೆಯ ಮಹಾರಾಜ’ರ ಹೆಸರಿನ ಚೌಕವಿದೆ. ಬಿಯರ್ ಬೆಂಚಿನ ಪಕ್ಕ ಕೂತ ಹಿರಿಯ ಪೋಲರ ಮುಂದೆ ಈ ಮಾತು ಎತ್ತಿದರೆ ನಿಮ್ಮ ಮಾವನವರಿಗೆ ಆಮೇಲೆ ನಿಮ್ಮ ನೆನಪೇ ಇರುವುದಿಲ್ಲ.

ಹೋಗುವ ದಾರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ತಾಳ್ಮೆ ಕಳೆದುಕೊಳ್ಳುವ ಬದಲು ಕಂಬರ್‌ಲ್ಯಾಂಡ್ ನಿಲ್ದಾಣದಲ್ಲಿ ಕಾರು ಬಿಟ್ಟು ಬ್ಲೂ ಲೈನ್ ರೈಲು ಹಿಡಿಯಿರಿ. ಜೆಫರ್ಸನ್ ಪಾರ್ಕ್‌ನಲ್ಲಿ ಇಳಿದರೆ ಸ್ವಲ್ಪ ನಡಿಗೆ. ಬಾಗಿಲು ತೆಗೆದ ಹೊತ್ತಿಗೇ ಹೋಗಿ, ಕತ್ತಲಾಗುವ ಮುಂಚೆ ಹೊರಡಿ. ಇಂಥ ಹಬ್ಬಗಳಲ್ಲಿ ಜಾನಪದ ಕುಣಿತ, ಮಕ್ಕಳ ಆಟ ಹಗಲಿಗೆ. ರಾತ್ರಿ ರಾಕ್ ಬ್ಯಾಂಡು, ಗದ್ದಲ. ಸ್ವಲ್ಪ ನಗದು ಇಟ್ಟುಕೊಳ್ಳಿ. ಕೆಲವು ವರ್ಷ ಗೌರಿ-ಗಣೇಶ ಹಬ್ಬ ಈ ವಾರಾಂತ್ಯಕ್ಕೇ ಬರುತ್ತದೆ, ಕ್ಯಾಲೆಂಡರ್ ನೋಡಿಕೊಳ್ಳಿ. ಈ ಸಲ ಆಗದಿದ್ದರೆ ಜೂನ್‌ನಲ್ಲಿ ಮಿಲ್ವಾಕೀಯಲ್ಲಿ ಪೋಲಿಷ್ ಫೆಸ್ಟ್ ಇದೆ. ಕೆರೆಯ ದಂಡೆಯ ವಿಶಾಲ ಮೈದಾನ, ಸಣ್ಣ ಮಕ್ಕಳನ್ನು ಓಡಾಡಿಸಲು ಅದೇ ಸುಲಭ.

ಕೊನೆಗೆ ಅವರ ಮನೆ. ಚಪ್ಪಲಿ ಬಾಗಿಲಲ್ಲೇ ಬಿಡಿ, ಅವರಲ್ಲೂ ಅದೇ ರೂಢಿ. ಅತಿಥಿಗಳಿಗೆಂದೇ ಮನೆಯೊಳಗಿನ ಚಪ್ಪಲಿ ಇಟ್ಟಿರುತ್ತಾರೆ. ಹೂವು ಕೊಡುವುದಾದರೆ ಬೆಸ ಸಂಖ್ಯೆಯಲ್ಲಿ ಇರಲಿ, ಐದೋ ಏಳೋ. ಆದರೆ ಸೇವಂತಿಗೆ ಮಾತ್ರ ಬೇಡ. ನಮ್ಮಲ್ಲಿ ಅದು ದೇವರ ತಲೆಗೆ ಏರುವ ಹೂವು, ಅವರಲ್ಲಿ ಸಮಾಧಿಗೆ ಇಡುವ ಹೂವು. ನವೆಂಬರ್ 1ರಂದು ಪೋಲೆಂಡಿನ ಸ್ಮಶಾನಗಳೆಲ್ಲ ಸೇವಂತಿಗೆಯಲ್ಲಿ ಮುಳುಗಿರುತ್ತವೆ. ಚಂದ ಇದೆ ಎಂದು ನಿಮ್ಮತ್ತೆಯವರು ಅಂಗಡಿಯಲ್ಲಿ ಕೈಹಾಕುವ ಮುಂಚೆಯೇ ಹೇಳಿಬಿಡಿ. ಜೊತೆಗೆ ಮನೆಯಲ್ಲೇ ಮಾಡಿದ ಕೋಡುಬಳೆ ಒಂದು ಡಬ್ಬಿ ಒಯ್ಯಿರಿ, ಕಪ್ಪು ಚಹಾ ಜೊತೆ ಅವರಿಗೆ ಹಿಡಿಸುತ್ತದೆ. ಹೊಸ್ತಿಲ ಆಚೆ ಈಚೆ ನಿಂತು ಕೈಕುಲುಕುವುದು, ಕೊಟ್ಟು ತೆಗೆದುಕೊಳ್ಳುವುದು ಅವರಿಗೂ ಅಪಶಕುನ. ನಿಮ್ಮತ್ತೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಡಬ್ಬಿಯನ್ನು ಒಳಗೆ ಕಾಲಿಟ್ಟ ಮೇಲೆ ಕೊಡಿ.